ಹದಿನೈದು ನೂರಕ್ಕೆ ಎಂಟು ಕಮ್ಮಿ

ಪಾಲಹಳ್ಳಿ, ಶ್ರೀರಂಗಪಟ್ಟಣ ತಾಲ್ಲೂಕು
ಶನಿವಾರ, 7 ಫೆಬ್ರವರಿ 2026

ನನ್ನ ಬಂಗಾರದ ಸಹನಾ,

ಹೇಗಿದ್ದೀಯೆ? ನೆಗಡಿ ಬಿಟ್ಟಿತೆ? ನಾಗಮಂಗಲದ ಕಡೆ ಬೆಳಗಿನ ಚಳಿ ನಮ್ಮ ಕಡೆಗಿಂತ ಜೋರು ಎಂದು ನಿಮ್ಮಪ್ಪ ಹೇಳುತ್ತಿದ್ದರು. ತಲೆಗೆ ನೀರು ಹಾಕಿಕೊಂಡ ದಿನ ಕೂದಲು ಒಣಗುವ ಮೊದಲೇ ಜಡೆ ಹೆಣೆದುಕೊಂಡು ಕ್ಲಾಸಿಗೆ ಓಡಬೇಡ. ಹಾಸ್ಟೆಲಿನ ಸಾರಿನ ಮೇಲಿನ ಸಿಟ್ಟನ್ನು ಅನ್ನದ ಮೇಲೆ ತೀರಿಸಬೇಡ. ಸಾರು ನೀರಾಗಿದ್ದರೆ ಮೊಸರು ಹಾಕಿಸಿಕೊಂಡಾದರೂ ಉಣ್ಣು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಗೌರಿ ಕರು ಹಾಕಿದಳು, ಹೆಣ್ಣು ಕರು. ಹಣೆಯ ಮೇಲೆ ಬಿಳಿ ಚುಕ್ಕೆ ಇದೆ. ಹುಟ್ಟಿದ ಗಳಿಗೆಯಿಂದಲೇ ಹಟ, ನಿನ್ನ ಹಾಗೆ. ಹಗ್ಗ ಹಾಕಿದರೆ ಬೀಳುತ್ತದೆ, ಬಿಚ್ಚಿದರೆ ಅಡುಗೆಮನೆಗೇ ಬರುತ್ತದೆ. ನಿಮ್ಮಪ್ಪ ಬೆಳಗಾದರೆ ಕಬ್ಬಿನ ಗದ್ದೆಗೆ ಹೋದವರು ಊಟದ ಹೊತ್ತಿಗೇ ಬರುವುದು. ಮಂಡಿನೋವು ಇದೆ, ಆದರೆ ಡಾಕ್ಟರ ಹತ್ತಿರ ಬಾ ಎಂದರೆ ಕಿವಿಯೇ ಕೇಳಿಸುವುದಿಲ್ಲ.

ಮೊನ್ನೆ ನಿನ್ನ ಕಾಗದ ಬಂತು. ಪರೀಕ್ಷೆಗೆ ಇನ್ನೊಂದು ವರ್ಷ ಓದಲೆಂದು ಫೋನು ಇಟ್ಟುಕೊಳ್ಳಲು ಬಿಡದ ಕಾಲೇಜಿಗೆ ಸೇರಿಸಿದ್ದಕ್ಕೆ ಎಷ್ಟೋ ಸಾರಿ ನನ್ನನ್ನೇ ಬೈದುಕೊಂಡಿದ್ದೇನೆ, ಆದರೆ ನಿನ್ನ ಅಕ್ಷರ ನೋಡುವ ಭಾಗ್ಯ ಅದರಿಂದಲೇ ಬಂತು. ಈ ಸಾರಿ ನೀನು ಬರೆದದ್ದು ಮಾತ್ರ ಬೇರೆಯೇ. ಸೀಟಿನ ಪುಟ ತೆರೆಯಲಿಕ್ಕೂ ಬಾರದ ದಡ್ಡಿ ನಾನು, ಪಶುವೈದ್ಯೆಯಾಗಿ ಏನು ಕಡಿದು ಗುಡ್ಡೆ ಹಾಕಲಿ, ಈ ವರ್ಷ ಪರೀಕ್ಷೆಗೆ ಅರ್ಜಿಯೇ ಹಾಕುವುದಿಲ್ಲ, ಊರಿಗೆ ಬಂದು ಯಾವುದಾದರೂ ಡಿಗ್ರಿಗೆ ಸೇರುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಕೊಟ್ಟಿಗೆಯಲ್ಲಿ ನಿಂತುಕೊಂಡು ಎರಡು ಸಾರಿ ಓದಿದೆ. ಅರ್ಜಿಗೆ ಕೊನೆಯ ದಿನ ಹತ್ತಿರವೇ ಇದೆ. ಅದಕ್ಕೇ ಈ ಕಾಗದ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ. ನೀನು ದಡ್ಡಿಯಲ್ಲ. ಹೋದ ವರ್ಷ ನಿನ್ನ ಸೀಟು ಹೋದದ್ದು ನಿನ್ನ ದೊಡ್ಡಪ್ಪ ಕೆಂಪಣ್ಣನವರ ಕೈಚಳಕದಿಂದ. ಅದು ಅವರಿಗೂ ಗೊತ್ತು. ಗೊತ್ತಿದ್ದೇ ನಿನ್ನ ತಲೆಗೆ ಕಟ್ಟಿದರು.

ನಿನ್ನ ದೊಡ್ಡಪ್ಪನ ಅಳತೆಯ ಹುಚ್ಚು ನಿನಗೆ ಹೊಸದಲ್ಲ. ಡೈರಿಯಲ್ಲಿ ಹಾಲು ಅಳೆಯುವಾಗ ಬಗ್ಗಿ ನೋಡುವವರು ಅವರೊಬ್ಬರೇ. ಕಬ್ಬಿನ ಲಾರಿ ತೂಕದ ಕಟ್ಟೆಯ ಮೇಲೆ ನಿಂತರೆ ಇವರು ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಾಯುತ್ತಾರೆ. ಕೊಟ್ಟದ್ದೆಲ್ಲ ಕಮ್ಮಿ, ಎಲ್ಲರೂ ಮೋಸಗಾರರು. ಹೋದ ವರ್ಷ ಆಷಾಢ ಮುಗಿಯುವ ಹೊತ್ತಿಗೆ ಅವರು ಫೋನಿನಲ್ಲಿ ನೆಟ್ ಜೋರು ಮಾಡುವ ಉಪಾಯ ಎಂಬ ಯಾವುದೋ ವಿಡಿಯೋ ನೋಡಿದರಂತೆ. ಮೊಬೈಲಿನ ನೆಟ್ ಹಿಡಿಯದ ನಮ್ಮ ಮನೆಯಲ್ಲಿ ಎರಡು ಸಂಸಾರಕ್ಕೂ ಸೇರಿ ನಡುಮನೆಯ ಗೂಡಿನಲ್ಲಿ ಒಂದು ರೂಟರ್ ಕೂತಿದೆಯಲ್ಲ, ಅದರ ಒಳಗೆ ಪೊಟ್ಟಣ ಎಷ್ಟು ದೊಡ್ಡದಿರಬೇಕು ಎನ್ನುವ ಒಂದು ಸಂಖ್ಯೆ ಇರುತ್ತದೆ. ವಿಡಿಯೋದವನದು ಸಾವಿರದ ಐನೂರು. ನಮ್ಮದು ಸಾವಿರದ ನಾನೂರ ತೊಂಬತ್ತೆರಡು. ಇನ್ನು ಕೇಳಬೇಕೆ! ತಕ್ಷಣ ಕೇಬಲ್ ಆಫೀಸಿಗೆ ಫೋನು ಮಾಡಿ, "ಊರ್ಗೆಲ್ಲಾ ಅದಿನೈದ್ನೂರು, ನಮ್ಗ್ಯಾಕ್ಲಾ ಎಂಟು ಕಮ್ಮಿ? ದುಡ್ಡು ಪೂರ್ತಿ ಈಸ್ಕತೀರ, ಅಳತೆ ಪೂರ್ತಿ ಕೊಡಕೇನು ರೋಗ?" ಎಂದು ಜಗಳ ಕಾಯ್ದರು. ಅದು ಹಾಗೇ ಇರಬೇಕು, ಮುಟ್ಟಬೇಡಿ ಎಂದು ಅವರು ಹೇಳಿದ್ದಾರೆ. ಇವರು ಮುಟ್ಟಿದರು. ಎಂಟು ಸೇರಿಸಿ ಪೂರ್ತಿ ಮಾಡಿಕೊಂಡು ಮೀಸೆ ತಿರುವಿದರು.

ಅದರಿಂದ ಏನಾಯಿತು ಎಂದು ಕೇಳು. ಯಾವ ಪುಟವಾದರೂ, ಚಿತ್ರವಾದರೂ ತಂತಿಯಲ್ಲಿ ಪೊಟ್ಟಣ ಪೊಟ್ಟಣವಾಗಿ ಬರುವುದಂತೆ. ನಮ್ಮ ಲೈನಿನವರು ಒಂದೊಂದು ಪೊಟ್ಟಣದ ಮೇಲೂ ತಮ್ಮ ಗುರುತಿನ ಚೀಟಿ ಅಂಟಿಸುತ್ತಾರೆ, ಆ ಚೀಟಿಗೆ ಎಂಟರಷ್ಟು ಜಾಗ ಬೇಕು. ಜಾಗ ಬಿಡದೆ ಒತ್ತರಿಸಿ ತುಂಬಿದರೆ ಪೊಟ್ಟಣ ಬಾಗಿಲಲ್ಲಿ ಹಿಡಿಯುವುದಿಲ್ಲ. ಹುಲ್ಲು ಜಾಸ್ತಿ ಹೇರಿದ ಟ್ರಾಕ್ಟರು ನಮ್ಮ ಹಿತ್ತಲ ಗೇಟಿನಲ್ಲಿ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ಚಿಕ್ಕವೆಲ್ಲ ಸಲೀಸಾಗಿ ಹೋಗುತ್ತವೆ. ವಾಟ್ಸಾಪಿನಲ್ಲಿ ಊಟ ಆಯಿತೇ ಎಂದರೆ ಆಯಿತು ಎಂದು ಉತ್ತರವೂ ಬರುತ್ತದೆ. ದೊಡ್ಡ ಪುಟ ಮಾತ್ರ ಅರ್ಧಕ್ಕೆ ನಿಂತು ಚಕ್ರ ತಿರುಗಿಸುತ್ತ ಕೂರುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ನೆಟ್ ಇದೆ, ಸೀಟಿನ ಪುಟದಲ್ಲಿ ಜನ ಜಾಸ್ತಿ ಇರಬೇಕು ಎಂದುಕೊಂಡೆವು.

ಸೀಟಿಗೆ ಕಾಲೇಜು ಆರಿಸಿ ಕಳಿಸಬೇಕಿದ್ದ ಆ ಎರಡು ದಿನ ನೀನು ಲ್ಯಾಪ್‌ಟಾಪಿನ ಮುಂದಿನಿಂದ ಏಳಲಿಲ್ಲ. ನಾನು ಬಾಯಿಗೆ ತುತ್ತು ಇಟ್ಟೆ. ಕೊನೆಯ ದಿನ ಮಧ್ಯಾಹ್ನ ನೀನೇ ಎದ್ದು, ಅಪ್ಪಾ ಶ್ರೀರಂಗಪಟ್ಟಣದ ಸೈಬರಿಗೆ ಹೋಗೋಣ ಎಂದೆ. ನಿಮ್ಮಪ್ಪ ಬೈಕಿನ ಕೀಲಿಯನ್ನೂ ತೆಗೆದುಕೊಂಡರು. ದೊಡ್ಡಪ್ಪ ಜಗುಲಿಯಿಂದಲೇ, "ಮನೇಲಿ ಫುಲ್ಲು ನೆಟ್ ಮಡೀಕಂಡು ಸೈಬರ್‌ಗ್ಯಾಕ್ಲಾ ಓಗ್ಬೇಕು ತಮ್ಮಯ್ಯ? ಕೂತ್ಕಂಡು ಮಾಡ್ಲಿ ಬುಡ್ಲಾ" ಅಂದರು. ಅಣ್ಣ ಅಂದಮೇಲೆ ಮುಗಿಯಿತು, ನಿಮ್ಮಪ್ಪ ಕೀಲಿಯನ್ನು ಮೊಳೆಗೆ ಹಾಕಿದರು. ಸಂಜೆ ಮನಸ್ಸು ತಡೆಯದೆ ಇಬ್ಬರೂ ಓಡಿದಿರಿ, ಅಷ್ಟರಲ್ಲಿ ಗಡುವು ಮುಗಿದಿತ್ತು. ನಿನಗೆ ಬಂದ ರ‍್ಯಾಂಕಿಗೆ ಪಶುವೈದ್ಯಕೀಯ ಸೀಟು ಕೈಯಲ್ಲಿ ಇದ್ದ ಹಾಗೇ ಇತ್ತು.

ಮಾರನೆಯ ದಿನ ಸಂಜೆ, ಆಷಾಢಕ್ಕೆ ತವರಿಗೆ ಬಂದಿದ್ದ ದೊಡ್ಡಪ್ಪನ ಮಗಳು ಶ್ವೇತಳನ್ನು ಕರೆದೊಯ್ಯಲು ಸಂತೆಬಾಚಹಳ್ಳಿಯ ಬೀಗರು ಬಂದಿದ್ದರು. ಜಗುಲಿ ತುಂಬ ಜನ. ಯಾರೋ ಸಹನಳಿಗೆ ಸೀಟು ಸಿಕ್ಕಿತೇ ಎಂದು ಕೇಳಿದರು. ನಿನ್ನ ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತ, "ನೆಟ್ಟು ನೆಟ್ಟಗೇ ಅದೆ ಕಣ್ರಪ್ಪಾ, ಉಡ್ಗಿ ತಲೆನೇ ನೆಟ್ಟಗಿಲ್ಲ" ಅಂದರು. ಎಲ್ಲರೂ ನಕ್ಕರು. ನೀನು ಕಾಫಿ ತಟ್ಟೆ ಹಿಡಿದುಕೊಂಡು ಹೊಸಿಲಿನ ಮೇಲೆ ನಿಂತಿದ್ದೆ. ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದವಳು ಶ್ವೇತಳನ್ನು ಬೀಳ್ಕೊಡಲಿಕ್ಕೂ ಬರಲಿಲ್ಲ. ಆ ಮಾತು ಡೈರಿಗೆ ಹೋಯಿತು, ಡೈರಿಯಿಂದ ಊರಿಗೆ ಹೋಯಿತು. ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಳ್ಳುವಾಗಲೂ ನನ್ನ ಕಿವಿಗೆ ಬಿದ್ದಿದೆ. ನೀನು ದೀಪಾವಳಿಗೂ ಬರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ. ಓದುವುದಿದೆ ಎಂದು ಬರೆದೆ. ನಾನು ನಿನ್ನನ್ನು ಹೆತ್ತವಳು, ಅದು ಸುಳ್ಳೆಂದು ನನಗೆ ತಿಳಿಯುವುದಿಲ್ಲವೇ?

ಈಗ ನನಗೆ ಹೇಗೆ ಗೊತ್ತಾಯಿತು ಎಂದರೆ, ಸಂಕ್ರಾಂತಿ ಕಳೆದ ಮೇಲೆ ಅಟ್ಟದ ಮೇಲೆ ಇಲಿ ಕೇಬಲ್ ಕಡಿಯಿತು. ಕೇಬಲ್ ಆಫೀಸಿನ ಮಂಜುನಾಥ ಬಂದ. ದೊಡ್ಡಪ್ಪ ಏನೋ ಕೆಲಸಕ್ಕೆ ಪಾಂಡವಪುರಕ್ಕೆ ಹೋಗಿದ್ದರು, ನಿನ್ನ ದೊಡ್ಡಮ್ಮ ಯಶೋದಕ್ಕ ಕೊಟ್ಟಿಗೆಯಲ್ಲಿದ್ದರು. ತಂತಿ ಜೋಡಿಸಿ, ನಿನ್ನ ಲ್ಯಾಪ್‌ಟಾಪಿನಲ್ಲೇ ರೂಟರಿನ ಪುಟ ತೆಗೆದು ನೋಡಿದ. ನಾನು ಅಕ್ಕಿರೊಟ್ಟಿ, ಕಾಯಿಚಟ್ನಿ ಕೊಟ್ಟೆ. ಬಾಯಿತುಂಬ ರೊಟ್ಟಿ ಇಟ್ಟುಕೊಂಡು, "ಯಜಮಾನ್ರು ಈಗ ಆ ಎಂಟಕ್ಕೆ ಜಗಳ ಆಡಾಕಿಲ್ವಾ ಅಕ್ಕಾ?" ಅಂದ. ಯಾವ ಎಂಟು ಅಂದೆ. ನಗುನಗುತ್ತ ಈಗ ನಾನು ಬರೆದ ಕಥೆಯನ್ನೆಲ್ಲ ಹೇಳಿದ. ಕೊನೆಗೆ, "ಅವತ್ತು ಬೆಳಿಗ್ಗೆನೇ ಪೋನ್ ಮಾಡವ್ರೆ, ಸಾಯಂಕಾಲ ಬೀಗ್ರು ಬತ್ತಾವ್ರೆ ಬೇಗ ಸರಿ ಮಾಡ್ಲಾ ಅಂತ. ನಾನೇ ಯೋಳ್ಕೊಟ್ಟು ವಾಪಸ್ ಮಾಡಿಸ್ದೆ. ನಮ್ ಉಡ್ಗೀಗೆ ಸೀಟಿನ ಪುಟ ತೆಗೀನಿಲ್ವಲ್ಲ, ಅದ್ಕೂ ಇದೇ ಕಾರಣ್ವಾ ಅಂತಾನೂ ಕೇಳುದ್ರು. ಊ ಅಂದೆ. ಯಾರ್ಗೂ ಯೋಳ್ಬ್ಯಾಡ ಅಂದ್ರು" ಎಂದವನು ನನ್ನ ಮುಖ ನೋಡಿ ಅಗಿಯುವುದನ್ನು ನಿಲ್ಲಿಸಿದ. ಯಾರಿಗೆ ಹೇಳುತ್ತಿದ್ದೇನೆ ಎಂದು ಆಗ ಹೊಳೆಯಿತು ಅವನಿಗೆ. ಪಾಪ, ಉಳಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಹೋದ.

ತಿಳಿಯಿತೇ ಮಗಾ? ಬೆಳಿಗ್ಗೆ ಕಾರಣ ತಿಳಿದುಕೊಂಡು, ಸಂಜೆ ಅದೇ ಬಾಯಲ್ಲಿ ಬೀಗರ ಮುಂದೆ ಹಾಗಂದರು. ತಿಳಿಯದೆ ಎಂಟು ಸೇರಿಸಿದ್ದನ್ನು ನಾನು ಕ್ಷಮಿಸಿಬಿಡುತ್ತಿದ್ದೆ. ಹಳ್ಳಿಯವರು, ಮೋಸ ಹೋಗುತ್ತೇವೆಂಬ ಭಯ, ಇರಲಿ. ಆದರೆ ತಪ್ಪು ತನ್ನದೆಂದು ಗೊತ್ತಾದ ಮೇಲೆ, ತಾನು ಎತ್ತಿ ಆಡಿಸಿದ ಕೂಸಿನ ತಲೆಯ ಮೇಲೆ ಅದನ್ನು ಹೊರಿಸಿ, ಊರೆಲ್ಲ ನಗುವಾಗ ತಾನೂ ನಕ್ಕರಲ್ಲ, ಅದಕ್ಕೆ ಕ್ಷಮೆ ನನ್ನ ಹತ್ತಿರ ಇಲ್ಲ. ನನಗೆ ಸೇಡು ಬೇಕು. ಬರೆಯಲು ನಾಚಿಕೆಯೂ ಇಲ್ಲ.

ನಿಮ್ಮಪ್ಪನಿಗೆ ಹೇಳಿದೆ. ಅವರು, "ಅಣ್ಣಂಗೆ ಯಾರ್ ಕೇಳಾರು, ಬುಡೇ ಅತ್ಲಾಗೆ" ಎಂದು ಟವಲು ಕೊಡವಿಕೊಂಡು ಗದ್ದೆಗೆ ಹೋದರು. ಇನ್ನು ನಾನು? ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವಂತಿಲ್ಲ. ಮದುವೆಯಾಗಿ ಬಂದಂದಿನಿಂದ ಅವರಿಗೆ ನೇರವಾಗಿ ಒಂದು ಮಾತು ಹೇಳಿದವಳಲ್ಲ. ಅವರು ಎದುರಿಗೇ ಕೂತಿದ್ದರೂ, ಯಶೋದಕ್ಕಾ ಭಾವನವರಿಗೆ ಊಟಕ್ಕೆ ಏಳಲು ಹೇಳಿ ಎನ್ನಬೇಕು. ಅವರೂ ಅಷ್ಟೆ, ನಾನು ಪಕ್ಕದಲ್ಲೇ ಇದ್ದರೂ, "ಉಪ್ಪು ತರಕ್ಕೆ ಯೋಳು ಅವ್ಳಿಗೆ" ಎಂದು ಯಶೋದಕ್ಕನಿಗೆ ಹೇಳುತ್ತಾರೆ. ನೀನು ಚಿಕ್ಕವಳಿದ್ದಾಗ ಇದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದೆ. ಈಗ ನನಗೆ ನಗು ಬರುವುದಿಲ್ಲ. ಕೇಳಬೇಕಾದ ಮಾತು ಇದೆ, ಕೇಳಲು ಬಾಯಿ ಕೊಟ್ಟಿಲ್ಲ ಈ ಮನೆ.

ಬಾಯಿ ಕೊಡದಿದ್ದರೆ ಏನು, ಕೈ ಇದೆಯಲ್ಲ. ಮಂಜುನಾಥ ಎಲ್ಲಿ ಒತ್ತಿದ, ಏನು ಬರೆದ ಎಂದು ರೊಟ್ಟಿ ಬಡಿಸುತ್ತ ಎಲ್ಲವನ್ನೂ ನೋಡಿಕೊಂಡಿದ್ದೆ. ಅವತ್ತೇ ಮಧ್ಯಾಹ್ನ ನಿನ್ನ ಲ್ಯಾಪ್‌ಟಾಪ್ ತೆಗೆದು, ನಿನ್ನ ದೊಡ್ಡಪ್ಪ ಆಸೆಪಟ್ಟ ಎಂಟನ್ನು ಅವರಿಗೇ ಕೊಟ್ಟೆ. ಆಗ ಹಾಲಿನ ಸೊಸೈಟಿಯ ಚುನಾವಣೆಗೆ ನಿಂತಿದ್ದರು. ಹೆಗಲಿಗೆ ಹೊಸ ಟವಲು ಹಾಕಿಕೊಂಡು ಕೊಟ್ಟಿಗೆಯ ಮುಂದೆ ನಿಂತು ಭಾಷಣದ ವಿಡಿಯೋ ಮಾಡುವುದು, ಊರಿನ ಗುಂಪಿಗೆ ಹಾಕಲು ಒತ್ತುವುದು, ಚಕ್ರ ತಿರುಗುವುದು. ಚಕ್ರ ನೋಡುತ್ತ ಕೂತ ಅವರ ಮುಖವನ್ನು ನಾನು ಅಡುಗೆಮನೆಯ ಬಾಗಿಲಿನಿಂದ ಕಣ್ತುಂಬ ನೋಡಿದೆ. ಎದುರಾಳಿ ಶಿವಣ್ಣನ ಭಾಷಣ ಊರೆಲ್ಲ ಓಡಾಡಿತು, ಇವರ ಭಾಷಣವನ್ನು ನಮ್ಮ ಎಮ್ಮೆಗಳು ಮಾತ್ರ ಕೇಳಿದವು.

ಅವರೇನು ದಡ್ಡರೇ? ಮರುದಿನವೇ ಅನುಮಾನ ಬಂದು ಫೋನಿನಲ್ಲಿ ಆ ಸಂಖ್ಯೆ ನೋಡಿದ್ದಾರೆ. ಸಾವಿರದ ಐನೂರು! ಬೆವರು ಒರೆಸಿಕೊಂಡು ಇಳಿಸಿದರು. ನಾನು ಏರಿಸಿದೆ. ಮತ್ತೆ ಇಳಿಸಿದರು, ಮತ್ತೆ ಏರಿಸಿದೆ. ಇದರ ಸೊಗಸೇನು ಗೊತ್ತೇ? ಯಾರು ಇದನ್ನು ಮುಟ್ಟಿದ್ದು ಎಂದು ಅವರು ಮನೆಯಲ್ಲಿ ಬಾಯಿಬಿಟ್ಟು ಕೇಳುವಂತಿಲ್ಲ. ಕೇಳಿದರೆ, ಮುಟ್ಟಿದರೆ ಏನಾಗುತ್ತದೆ ಎಂದು ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೇ ನುಂಗಿಕೊಂಡು ಕೂತಿದ್ದಾರೆ. ನಿಮ್ಮಪ್ಪನನ್ನು ಓರೆಗಣ್ಣಿನಲ್ಲಿ ನೋಡುತ್ತಾರೆ, ಯಶೋದಕ್ಕನನ್ನು ನೋಡುತ್ತಾರೆ, ನನ್ನ ಕಡೆ ತಿರುಗುವುದೇ ಇಲ್ಲ. ಸೆಗಣಿ ಬಾಚುವ ತಮ್ಮನ ಹೆಂಡತಿಗೆ ಇದೆಲ್ಲ ಬರುತ್ತದೆ ಎಂಬ ಯೋಚನೆ ಅವರಿಗೆ ಬರಬೇಕಲ್ಲ! ಕೊನೆಗೆ ಗೂಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಆ ಮೆಣಸಿನಕಾಯಿ ದಾರಕ್ಕೆ ಪೋಣಿಸಿಕೊಟ್ಟವಳೂ ನಾನೇ.

ಒಂದು ಮಾತು. ಸಂಜೆ ಶ್ವೇತಳ ಫೋನು ಬರುವ ಹೊತ್ತಿಗೆ ಮಾತ್ರ ಇಳಿಸಿಬಿಡುತ್ತಿದ್ದೆ. ಅವಳಿಗೆ ಈಗ ಐದು ತಿಂಗಳು. ಮಗಳ ಮುಖ ನೋಡಲು ಯಶೋದಕ್ಕ ಕೈಕಾಲು ತೊಳೆದುಕೊಂಡು ಕಾಯುತ್ತಾರೆ. ಮಗಳಿಂದ ದೂರವಿರುವ ತಾಯಿಯ ಹೊಟ್ಟೆ ಉರಿಸಿ ನನಗೇನಾಗಬೇಕು? ನನ್ನ ಲೆಕ್ಕ ಇರುವುದು ಒಬ್ಬರ ಜೊತೆ.

ಚುನಾವಣೆ ಹೋದ ವಾರ ಆಯಿತು. ಸೋತರು. ವಿಡಿಯೋ ಹೋಗದ್ದಕ್ಕೇ ಸೋತರು ಎಂದು ಹೇಳಲಾರೆ, ಅವರ ಬಾಯಿಗೆ ಹೆದರಿ ಓಟು ಹಾಕದವರೂ ಇದ್ದಾರೆ. ಆದರೂ ಖುಷಿಯಾಯಿತು, ಅವತ್ತು ಪಾಯಸ ಮಾಡಿದೆ. ಯಾಕೆ ಪಾಯಸ ಎಂದು ಯಾರೂ ಕೇಳಲಿಲ್ಲ. ದೊಡ್ಡಪ್ಪನೂ ಎರಡು ಸಾರಿ ಹಾಕಿಸಿಕೊಂಡರು. ಹೊಟ್ಟೆ ತಣ್ಣಗಾಯಿತು ಎಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದರೆ ಉರಿ ಹಾಗೇ ಇತ್ತು. ಮೊನ್ನೆ ನಿನ್ನ ಕಾಗದ ಬಂದ ಮೇಲೆ ಅದು ಯಾಕೆಂದು ಗೊತ್ತಾಯಿತು. ಅವರು ಸೋತದ್ದು ಶಿವಣ್ಣನ ಎದುರು. ಸೋಲಬೇಕಾದದ್ದು ನಿನ್ನ ಎದುರು. ನಾನು ಎಂಟು ಏರಿಸಿ ಇಳಿಸಿ ಆಟವಾಡುತ್ತ ಕೂತರೆ ಇಲ್ಲಿ ಅವರ ವಿಡಿಯೋ ನಿಲ್ಲುತ್ತದೆ, ಅಲ್ಲಿ ನನ್ನ ಮಗಳು ತನ್ನನ್ನು ದಡ್ಡಿ ಎಂದುಕೊಂಡು ಅರ್ಜಿ ಹಾಕದೆ ಕೂರುತ್ತಾಳೆ. ಇದು ಎಂಥ ಸೇಡು? ನಿನ್ನೆ ಸಂಖ್ಯೆಯನ್ನು ಇಳಿಸಿ, ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಇನ್ನು ಆ ಆಟ ಸಾಕು.

ನೀನು ಮಾತ್ರ ಅರ್ಜಿ ಹಾಕು. ಈ ಕಾಗದ ಸಿಕ್ಕ ಮರುದಿನವೇ ಹಾಸ್ಟೆಲಿನ ಆಫೀಸಿನಲ್ಲಿ ಕೂತು ಹಾಕು. ನನ್ನ ಸಮಾಧಾನಕ್ಕಲ್ಲ, ದೊಡ್ಡಪ್ಪನ ಮೇಲಿನ ಹಟಕ್ಕೂ ಅಲ್ಲ. ಗೌರಿ ಹೊಟ್ಟೆ ಉಬ್ಬರಿಸಿಕೊಂಡು ಬಿದ್ದಾಗ ಡಾಕ್ಟರು ಬರುವ ತನಕ ಅದರ ಹೊಟ್ಟೆ ತಿಕ್ಕುತ್ತ, ಕಿವಿಯ ಹತ್ತಿರ ಏನೇನೋ ಹೇಳುತ್ತ ಕೂತಿದ್ದವಳು ನೀನು. ಆ ಹುಡುಗಿಗೆ ತಲೆ ನೆಟ್ಟಗಿಲ್ಲ ಎಂದವರ ತಲೆಯನ್ನು ನೋಡಬೇಕು. ಓದು, ಗೆಲ್ಲು. ಸೋತರೆ ನಿನ್ನ ಸೋಲನ್ನೇ ಸೋಲು, ಇನ್ನೊಬ್ಬರದನ್ನು ಹೊತ್ತುಕೊಂಡು ಸೋಲಬೇಡ.

ನಿಮ್ಮಪ್ಪ ಕೇಳಿದರೆಂದು ಬರೆ ಅಂದರು; ಯಶೋದಕ್ಕನೂ ಅಂದರು, ಅವರು ನಿಜವಾಗಿಯೂ ಕೇಳಿದರು. ಕರುವಿಗೆ ಹೆಸರು ಇಟ್ಟಿಲ್ಲ, ನೀನೇ ಬಂದು ಇಡಬೇಕು. ನಿನ್ನ ಕೈ ಸೋಕಿದ ಜೀವ ಎದ್ದು ಓಡಾಡಲಿ, ನೀನು ನೂರು ಕೊಟ್ಟಿಗೆ ಕಾಯುವಂಥವಳಾಗು.

ನಿನ್ನ ಅಮ್ಮ,
ಚಲುವಮ್ಮ

ಮರೆತ ಮಾತು: ದೊಡ್ಡಪ್ಪ ನಾಳೆ ನಾಗಮಂಗಲದ ಕಡೆ ಹಸು ನೋಡಲು ಹೊರಟಿದ್ದಾರೆ. "ದಾರೀಲೇ ಅಲ್ವಾ, ಮಗೀನ್ನೂ ನೋಡ್ಕಂಡ್ ಬತ್ತೀನಿ" ಅಂದರು. ಈ ಕಾಗದವನ್ನೂ ಕೋಡುಬಳೆ ಡಬ್ಬಿಯನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಕವರಿಗೆ ಅನ್ನದ ಅಗುಳು ಹಚ್ಚಿ ಭದ್ರವಾಗಿ ಅಂಟಿಸುತ್ತೇನೆ. ಉತ್ತರ ಈಸಿಕೊಂಡೇ ಬರಬೇಕೆಂದು ಯಶೋದಕ್ಕನ ಬಾಯಲ್ಲಿ ಹೇಳಿಸಿದ್ದೇನೆ, ಹಾಗಾಗಿ ನೀನು ಇದನ್ನು ಓದುವಾಗ ಅವರು ನಿನ್ನ ಎದುರಿಗೇ ಕೂತಿರುತ್ತಾರೆ. ನೀನು ಉತ್ತರ ಬರೆಯಬೇಡ. ಈ ಕಾಗದವನ್ನೇ ಅವರ ಕೈಗೆ ಕೊಡು. ಭಾನುವಾರವೆಂದು ಮಕ್ಕಳನ್ನು ನೋಡಲು ಬಂದಿರುವ ಅಷ್ಟೂ ತಾಯಿತಂದೆಯರ ಮುಂದೆ, ಬೀಗರು ಬಂದ ದಿನದ ಮಾತಿನಿಂದ ಹಿಡಿದು ಗಟ್ಟಿಯಾಗಿ ಓದಿಸು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೇನೆ ಅನ್ನುತ್ತಾರೆ. ಸಂಜೆಯಿಂದ ಮನೆಯೆಲ್ಲ ಹುಡುಕುತ್ತಿದ್ದಾರೆ. ಡಬ್ಬಿಯಲ್ಲಿ, ಕೋಡುಬಳೆಯ ಕೆಳಗೆ ಇದೆ.